ಮನೆತನದ ಹುಡುಕಾಟಕ್ಕೆ ಯಾವ ಡಿಎನ್‌ಎ ಪರೀಕ್ಷೆ, ಯಾರಿಗೆ, ಎಲ್ಲಿ?

ಡಿಎನ್‌ಎ ಪರೀಕ್ಷೆ ಮಾಡಿಸಿ ನಿರಾಶರಾದವರಲ್ಲಿ ಹೆಚ್ಚಿನವರು ತಮ್ಮ ಪ್ರಶ್ನೆಗೆ ಹೊಂದದ ಪರೀಕ್ಷೆ ಕೊಂಡವರು, ಇಲ್ಲವೇ ಸರಿಯಾದ ಪರೀಕ್ಷೆಯನ್ನೇ ಮನೆಯ ಬೇರೆ ಯಾರಿಗೋ ಮಾಡಿಸಿದವರು. ಅಜ್ಜನ ತಂದೆ ಯಾರೆಂದು ತಿಳಿಯಬೇಕಿದ್ದ ಮೊಮ್ಮಗಳು, ತಾಯಿಯ ತಾಯಿಯ ಹೆಣ್ಣು ಕವಲನ್ನಷ್ಟೇ ತೋರಿಸುವ ಮೈಟೊಕಾಂಡ್ರಿಯ ಪರೀಕ್ಷೆಯನ್ನು ತಾನೇ ಮಾಡಿಸಿದರೆ, ಎಷ್ಟು ದೊಡ್ಡ ವರದಿ ಬಂದರೂ ಅದರಲ್ಲಿ ಆ ಅಜ್ಜನ ಸುಳಿವೇ ಇರುವುದಿಲ್ಲ. ಹಾಗಾಗಿ ಕಂಪನಿಗಳನ್ನು ಹೋಲಿಸಿ ನೋಡುವ ಮೊದಲು ನಿಮ್ಮ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ: ಹುಡುಕುತ್ತಿರುವುದು ಯಾರನ್ನು, ಅವರು ನಿಮ್ಮಿಂದ ಎಷ್ಟು ತಲೆಮಾರು ಹಿಂದಿನವರು, ಅವರವರೆಗಿನ ಕವಲು ಗಂಡಸರ ಮೂಲಕ ಹೋಗುತ್ತದೆಯೋ, ಹೆಂಗಸರ ಮೂಲಕವೋ, ಬೆರೆತು ಹೋಗುತ್ತದೆಯೋ. ಮುಂದಿನ ಆಯ್ಕೆಗಳೆಲ್ಲ ಈ ಒಂದು ಸಾಲಿನ ಮೇಲೆ ನಿಂತಿವೆ.

ಮೂರು ಪರೀಕ್ಷೆಗಳು, ಮೂರು ಬೇರೆ ದಾರಿಗಳು

ಆಟೊಸೋಮಲ್ ಪರೀಕ್ಷೆ 22 ಜೋಡಿ ವರ್ಣತಂತುಗಳನ್ನು ಓದುತ್ತದೆ. ಓದುತ್ತದೆ ಎಂದರೆ ಪೂರ್ತಿಯಾಗಿ ಅಲ್ಲ, ಸಾಮಾನ್ಯವಾಗಿ ಸುಮಾರು 6ರಿಂದ 7 ಲಕ್ಷ ಆಯ್ದ ಜಾಗಗಳನ್ನು ಮಾತ್ರ. ತಂದೆಯ ಕಡೆ, ತಾಯಿಯ ಕಡೆ, ಎರಡೂ ಇದರಲ್ಲಿ ಸೇರಿರುತ್ತವೆ, ಗಂಡು ಹೆಣ್ಣೆಂಬ ಭೇದವಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಇದೇ ಸರಿ. ಆದರೆ ಪ್ರತಿ ತಲೆಮಾರಿನಲ್ಲೂ ಅರ್ಧ ಮಾತ್ರ ಮುಂದಕ್ಕೆ ಸಾಗುತ್ತದೆ, ಆ ಅರ್ಧದಲ್ಲಿ ಯಾವ ತುಂಡು ಬರುತ್ತದೆ ಎನ್ನುವುದು ಲಾಟರಿ ಇದ್ದಂತೆ. ಮುತ್ತಜ್ಜನ ತಂದೆ-ತಾಯಿ ಒಂದೇ ಆಗಿರುವ ಇಬ್ಬರು, ಅಂದರೆ ಥರ್ಡ್ ಕಸಿನ್‌ಗಳು, ಡಿಎನ್‌ಎ ಹೊಂದುವವರೆಂದು ಕಂಪನಿ ಕೊಡುವ ಮ್ಯಾಚ್ ಪಟ್ಟಿಯಲ್ಲಿ 10ರಲ್ಲಿ 9 ಸಲ ಪರಸ್ಪರ ಕಾಣಿಸಿಕೊಳ್ಳುತ್ತಾರೆ. ಇನ್ನೊಂದು ತಲೆಮಾರು ಹಿಂದಕ್ಕೆ ಹೋದರೆ ಆ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಐದಾರು ತಲೆಮಾರಿನೊಳಗಿನ ಪ್ರಶ್ನೆಗೆ ಇದು ಗಟ್ಟಿ ಸಾಧನ. 10 ತಲೆಮಾರು ಹಿಂದಿನ 1,024 ಪೂರ್ವಜರ ವಿಷಯಕ್ಕೆ ಬಂದರೆ, ಅವರಲ್ಲಿ ಎಷ್ಟೋ ಜನರ ಡಿಎನ್‌ಎ ಒಂದು ಚೂರೂ ನಿಮ್ಮಲ್ಲಿ ಉಳಿದಿರುವುದಿಲ್ಲ. ವಂಶವೃಕ್ಷದಲ್ಲಿ ಅವರು ನಿಮ್ಮವರೇ, ಪರೀಕ್ಷೆಯಲ್ಲಿ ಮಾತ್ರ ಕಾಣುವುದಿಲ್ಲ.

ವೈ ಪರೀಕ್ಷೆ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚೂಕಡಿಮೆ ಬದಲಾಗದೆ ಇಳಿದುಬರುವ ಒಂದೇ ವರ್ಣತಂತುವನ್ನು ನೋಡುತ್ತದೆ. ಹೆಂಗಸರಲ್ಲಿ ಅದು ಇರುವುದೇ ಇಲ್ಲ. ತಂದೆಯ ವಂಶದ ಪ್ರಶ್ನೆಯಿದ್ದರೆ ಅವರು ತಂದೆ, ಅಣ್ಣತಮ್ಮಂದಿರು, ದೊಡ್ಡಪ್ಪ-ಚಿಕ್ಕಪ್ಪ, ಇಲ್ಲವೇ ಅವರ ಗಂಡುಮಕ್ಕಳಲ್ಲಿ ಯಾರಿಂದಾದರೂ ಮಾದರಿ ಪಡೆಯಬೇಕು. ತಾಯಿಯ ತಂದೆಯ ವಂಶ ಬೇಕಿದ್ದರೆ ನಿಮ್ಮ ಸೋದರಮಾವ ಅಥವಾ ಸೋದರಮಾವನ ಮಗ ಸರಿಯಾದ ವ್ಯಕ್ತಿ. ನೀವು ಗಂಡಸಾಗಿದ್ದರೂ ನಿಮ್ಮ ವೈ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಇದನ್ನು ಮರೆತು ಹಣ ಕಳೆದುಕೊಂಡವರು ಬಹಳ.

ಎಷ್ಟು ಮಾರ್ಕರ್, ಅಂದರೆ ಹೋಲಿಸಿ ನೋಡುವ ಗುರುತಿನ ಜಾಗ, ಓದುತ್ತಾರೆ ಎನ್ನುವುದರ ಮೇಲೆ ವೈ ಪರೀಕ್ಷೆಯಲ್ಲೇ ಹಲವು ಮಟ್ಟಗಳಿವೆ. 37 ಮಾರ್ಕರ್‌ಗಳದ್ದು ಒಂದು, 111 ಮಾರ್ಕರ್‌ಗಳದ್ದು ಮತ್ತೊಂದು, ವೈ ವರ್ಣತಂತುವಿನ ಓದಬಲ್ಲ ಭಾಗವನ್ನು ಬಹುಮಟ್ಟಿಗೆ ಓದುವ ಬಿಗ್ ವೈ-700 ಇನ್ನೊಂದು. ಇಬ್ಬರು ಒಂದೇ ಗಂಡು ವಂಶದವರು ಹೌದೋ ಅಲ್ಲವೋ ಎಂದು ಮಾತ್ರ ಕೇಳುವುದಾದರೆ 37 ಸಾಕು. ಅಷ್ಟರಲ್ಲೇ ದೊಡ್ಡ ವ್ಯತ್ಯಾಸ ಕಂಡರೆ ಅಲ್ಲ ಎಂಬ ಉತ್ತರ ಖಚಿತ. ಹೌದು ಎಂದಾದರೆ ಆ ಸಮಾನ ಪೂರ್ವಜ ಎಷ್ಟು ಹಿಂದಿನವನು, ವಂಶದ ಯಾವ ಟಿಸಿಲು ಯಾವಾಗ ಬೇರೆಯಾಯಿತು ಎಂದು ತಿಳಿಯಲು 111 ಅಥವಾ ಬಿಗ್ ವೈ ಬೇಕಾಗುತ್ತದೆ. ಹಳೆಯ ಕಾಲದ 12 ಮಾರ್ಕರ್‌ಗಳ ಫಲಿತಾಂಶ ಯಾರಾದರೂ ತೋರಿಸಿದರೆ ಅದರ ಮೇಲೆ ಯಾವ ಸಂಬಂಧವನ್ನೂ ಕಟ್ಟಬೇಡಿ. 12ಕ್ಕೆ 12 ಹೊಂದಿದ ಇಬ್ಬರ ಸಮಾನ ಪೂರ್ವಜ ಸಾವಿರಾರು ವರ್ಷ ಹಿಂದಿನವನೂ ಆಗಿರಬಹುದು.

ಮೈಟೊಕಾಂಡ್ರಿಯ ಪರೀಕ್ಷೆ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುವ, ಆದರೆ ಹೆಣ್ಣುಮಕ್ಕಳು ಮಾತ್ರ ಮುಂದಕ್ಕೆ ಕೊಡುವ 16,569 ಅಕ್ಷರಗಳ ಪುಟ್ಟ ಉಂಗುರವನ್ನು ಓದುತ್ತದೆ. ಇದು ಬದಲಾಗುವುದು ಬಹಳ ನಿಧಾನ, ಇದರ ಬಲವೂ ದೌರ್ಬಲ್ಯವೂ ಅದೇ. ಎಲ್ಲ ಅಕ್ಷರಗಳೂ ಹೊಂದಿದ ಇಬ್ಬರ ಸಮಾನ ಅಜ್ಜಿ ಮೂರು ತಲೆಮಾರು ಹಿಂದೆ ಇರಬಹುದು, ಹಲವು ನೂರು ವರ್ಷ ಹಿಂದೆಯೂ ಇರಬಹುದು. ಪಟ್ಟಿಯಲ್ಲಿ ಕಂಡ ಅಪರಿಚಿತರ ಬೆನ್ನು ಹತ್ತಲು ಇದು ತಕ್ಕದ್ದಲ್ಲ. ಒಂದು ಅನುಮಾನ ಪರಿಹರಿಸಲು ಮಾತ್ರ ಇದಕ್ಕೆ ಸಾಟಿಯಿಲ್ಲ. ಮುತ್ತಜ್ಜನಿಗೆ ಇಬ್ಬರು ಹೆಂಡಿರಿದ್ದರು, ನಿಮ್ಮ ಅಜ್ಜಿ ಅವರಲ್ಲಿ ಯಾರ ಮಗಳು ಎಂದು ಯಾವ ದಾಖಲೆಯೂ ಹೇಳುತ್ತಿಲ್ಲ ಎಂದುಕೊಳ್ಳಿ. ಮೊದಲ ಹೆಂಡತಿಯ ಹೆಣ್ಣು ಕವಲಿನಲ್ಲಿ, ನಡುವೆ ಒಬ್ಬ ಗಂಡಸೂ ಬರದಂತೆ ಇಳಿದುಬಂದ ಒಬ್ಬರನ್ನು ಹುಡುಕಿ, ನಿಮ್ಮ ಅಜ್ಜಿಯ ಹೆಣ್ಣು ಕವಲಿನ ಒಬ್ಬರೊಂದಿಗೆ ಹೋಲಿಸಿ. ಅಕ್ಷರಗಳು ಸ್ಪಷ್ಟವಾಗಿ ಬೇರೆಯಾಗಿದ್ದರೆ ಆ ಹೆಂಡತಿಯನ್ನು ಪಟ್ಟಿಯಿಂದ ತೆಗೆದುಬಿಡಬಹುದು. ಅಜ್ಜಿ ನಿಮ್ಮ ತಂದೆಯ ತಾಯಿಯಾಗಿದ್ದರೆ ಅವರ ಮೈಟೊಕಾಂಡ್ರಿಯ ನಿಮ್ಮ ತಂದೆಯಲ್ಲಿದೆ, ಸೋದರತ್ತೆಯಲ್ಲಿದೆ, ಸೋದರತ್ತೆಯ ಮಕ್ಕಳಲ್ಲೂ ಇದೆ. ನಿಮ್ಮಲ್ಲಿ ಇಲ್ಲ.

ಎಕ್ಸ್ ವರ್ಣತಂತುವಿಗೆ ಬೇರೆ ಪರೀಕ್ಷೆ ಬೇಡ, ಆಟೊಸೋಮಲ್ ಪರೀಕ್ಷೆಯಲ್ಲೇ ಅದನ್ನೂ ಓದಿರುತ್ತಾರೆ. ಗಂಡಸಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಹಾಗಾಗಿ ಗಂಡಸೊಬ್ಬನಿಗೆ ದೊಡ್ಡ ಎಕ್ಸ್ ತುಂಡು ಹೊಂದಿದ ಸಂಬಂಧಿ ಸಿಕ್ಕರೆ ಆ ನಂಟು ತಾಯಿಯ ಕಡೆಯದೇ.

ಇವಲ್ಲದೆ ಸಂಪೂರ್ಣ ಜೀನೋಮ್, ಅಂದರೆ ಇಡೀ ಡಿಎನ್‌ಎ ಓದುವ ಪರೀಕ್ಷೆಗಳೂ ಸಿಗುತ್ತವೆ. ಅವುಗಳಲ್ಲಿ ಮಾಹಿತಿ ಹೇರಳ. ಆದರೆ ಹೋಲಿಸಿ ನೋಡಲು ಸಂಬಂಧಿಕರ ದೊಡ್ಡ ಡೇಟಾಬೇಸ್ ಜೊತೆಗಿಲ್ಲದಿದ್ದರೆ ವಂಶದ ಹುಡುಕಾಟಕ್ಕೆ ಆ ಹೇರಳತನ ಕೆಲಸಕ್ಕೆ ಬಾರದು. ಇನ್ನು ನ್ಯಾಯಾಲಯಕ್ಕೆ ಬೇಕಾದ ಪಿತೃತ್ವ ಪರೀಕ್ಷೆಯೇ ಬೇರೆ. ಮಾದರಿ ಯಾರದ್ದೆಂದು ಸಾಕ್ಷಿಯ ಮುಂದೆ ಗುರುತಿಸಿ, ಕೈಯಿಂದ ಕೈಗೆ ದಾಟಿದ್ದನ್ನೆಲ್ಲ ದಾಖಲಿಸಿ ಅದನ್ನು ನಡೆಸುತ್ತಾರೆ. ಮನೆಯಲ್ಲಿ ಕುಳಿತು ಅಂಚೆಗೆ ಹಾಕಿದ ಕಿಟ್ ಅದಕ್ಕೆ ಬದಲಿಯಾಗುವುದಿಲ್ಲ.

ಮೊದಲ ಕಿಟ್ ಯಾರಿಗೆ?

ಮನೆಯಲ್ಲಿ ಬದುಕಿರುವ ಅತಿ ಹಿರಿಯರಿಗೆ. ಈ ವಿಷಯದಲ್ಲಿ ಎರಡನೇ ಮಾತಿಲ್ಲ. ಅಜ್ಜಿಯ ಡಿಎನ್‌ಎ ನಿಮ್ಮಲ್ಲಿ ಸುಮಾರು ಕಾಲುಭಾಗ ಮಾತ್ರ ಉಳಿದಿದೆ, ಅಜ್ಜಿಯಲ್ಲಿ ಪೂರ್ತಿಯಿದೆ. ನಿಮಗೆ ದೂರದ ಮಸುಕು ಮ್ಯಾಚ್ ಆಗಿ ಕಾಣುವವರು ಅಜ್ಜಿಗೆ ಎರಡು ತಲೆಮಾರು ಹತ್ತಿರದ, ಸ್ಪಷ್ಟವಾಗಿ ಓದಬಲ್ಲ ಸಂಬಂಧಿಗಳಾಗಿ ಕಾಣುತ್ತಾರೆ. ತಂದೆ-ತಾಯಿ ಇಬ್ಬರದ್ದೂ ಆಗಿದ್ದರೆ ನಿಮ್ಮ ಆಟೊಸೋಮಲ್ ಪರೀಕ್ಷೆಯಿಂದ ಹೊಸ ಮಾಹಿತಿ ಬರುವುದು ತೀರ ಕಡಿಮೆ, ಆ ಹಣವನ್ನು ಸೋದರತ್ತೆಯ ಕಿಟ್‌ಗೆ ಇಡಿ.

ಹಿರಿಯರು ಹೋಗಿಬಿಟ್ಟಿದ್ದರೆ ಒಡಹುಟ್ಟಿದವರನ್ನೆಲ್ಲ ಸೇರಿಸಿಕೊಳ್ಳಿ. ಒಬ್ಬ ಮಗುವಿನಲ್ಲಿ ತಾಯಿಯ ಡಿಎನ್‌ಎ ಅರ್ಧ ಇರುತ್ತದೆ. ಇಬ್ಬರನ್ನು ಸೇರಿಸಿದರೆ ಸರಾಸರಿ ಶೇ. 75, ಮೂವರನ್ನು ಸೇರಿಸಿದರೆ ಶೇ. 87.5 ಸಿಗುತ್ತದೆ. ನಾಲ್ಕನೆಯವರಿಂದ ಲಾಭ ಇಳಿಯುತ್ತಾ ಹೋಗುತ್ತದೆ, ಅಲ್ಲಿಂದ ಮುಂದೆ ಫಸ್ಟ್ ಕಸಿನ್‌ಗಳತ್ತ ತಿರುಗುವುದು ಒಳ್ಳೆಯದು.

ಕಸಿನ್ ಎಂಬ ಪದದ ಬಗ್ಗೆ ಇಲ್ಲೇ ಸ್ಪಷ್ಟಪಡಿಸಿಕೊಳ್ಳುವುದು ಮೇಲು, ಏಕೆಂದರೆ ಎಲ್ಲ ಕಂಪನಿಗಳ ಪಟ್ಟಿಯೂ ಅದೇ ಲೆಕ್ಕದಲ್ಲಿ ಬರುತ್ತದೆ. ದೊಡ್ಡಪ್ಪನ ಮಗಳು, ಸೋದರಮಾವನ ಮಗ, ಚಿಕ್ಕಮ್ಮನ ಮಗಳು, ಸೋದರತ್ತೆಯ ಮಗ ನಮಗೆ ನಾಲ್ಕು ಬೇರೆ ಬೇರೆ ಸಂಬಂಧಗಳು. ಅವರ ಪಟ್ಟಿಯಲ್ಲಿ ಎಲ್ಲರೂ ಫಸ್ಟ್ ಕಸಿನ್. ಅಜ್ಜ-ಅಜ್ಜಿ ಒಂದೇ ಆದರೆ ಫಸ್ಟ್, ಮುತ್ತಜ್ಜ-ಮುತ್ತಜ್ಜಿ ಒಂದೇ ಆದರೆ ಸೆಕೆಂಡ್, ಅವರ ತಂದೆ-ತಾಯಿ ಒಂದೇ ಆದರೆ ಥರ್ಡ್. ಇಬ್ಬರು ಬೇರೆ ಬೇರೆ ತಲೆಮಾರಿನವರಾದರೆ ವ್ಯತ್ಯಾಸವನ್ನು ರಿಮೂವ್ಡ್ ಎಂದು ಎಣಿಸುತ್ತಾರೆ. ನಿಮ್ಮ ತಂದೆಯ ಫಸ್ಟ್ ಕಸಿನ್ ನಿಮಗೆ ಫಸ್ಟ್ ಕಸಿನ್ ಒನ್ಸ್ ರಿಮೂವ್ಡ್. ಪಟ್ಟಿ ಬಂದ ಮೇಲೆ ಪ್ರತಿ ಹೆಸರಿನ ಮುಂದೆಯೂ ನಮ್ಮ ಸಂಬಂಧದ ಹೆಸರನ್ನೇ ಬರೆದಿಡಿ. ಚಿಕ್ಕಪ್ಪ, ಸೋದರಮಾವ ಎಂಬ ಪದಗಳಲ್ಲೇ ಯಾವ ಕವಲು ಎನ್ನುವುದು ಅಡಗಿದೆ, ಆ ಅನುಕೂಲ ಇಂಗ್ಲಿಷಿನ ಪಟ್ಟಿಗಿಲ್ಲ.

ಒಂದು ವರ್ಗದವರು ಮಾತ್ರ ಮಾದರಿ ಕೊಡಬಾರದು: ಬೇರೆಯವರಿಂದ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರು. ಅವರ ಎಂಜಲಿನಲ್ಲಿ ದಾನಿಯ ಜೀವಕೋಶಗಳೂ ಬೆರೆತಿರುತ್ತವೆ. ಪರೀಕ್ಷೆ ವಿಫಲವಾಗಬಹುದು, ಅದಕ್ಕಿಂತ ಕೆಟ್ಟದ್ದೆಂದರೆ ದಾನಿಯ ವಂಶವೇ ನಿಮ್ಮ ಹೆಸರಿನಲ್ಲಿ ಬರಬಹುದು.

ಕಂಪನಿಗಳಲ್ಲಿ ಯಾವುದು?

ಪ್ರಯೋಗಾಲಯದ ಗುಣಮಟ್ಟದಲ್ಲಿ ದೊಡ್ಡ ಕಂಪನಿಗಳ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರ ಇರುವುದು ಯಾರ ಬಳಿ ಯಾರ ಸಂಬಂಧಿಕರು ಇದ್ದಾರೆ ಎನ್ನುವುದರಲ್ಲಿ. ನಿಮ್ಮ ಕಳೆದುಹೋದ ಕವಲಿನವರು ಅದೇ ಡೇಟಾಬೇಸ್‌ನಲ್ಲಿ ಪರೀಕ್ಷೆ ಮಾಡಿಸಿಕೊಂಡಿರದಿದ್ದರೆ ನಿಮಗೆ ಅವರು ಕಾಣುವುದಿಲ್ಲ, ಅಷ್ಟೇ.

ಆನ್‌ಸೆಸ್ಟ್ರಿಯಲ್ಲಿ 2.5 ಕೋಟಿಗೂ ಹೆಚ್ಚು ಜನರ ಮಾದರಿಗಳಿವೆ, ಎಲ್ಲಕ್ಕಿಂತ ದೊಡ್ಡ ಡೇಟಾಬೇಸ್ ಅದು. ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳಿಗೆ ವಲಸೆ ಹೋದ ಕವಲಿದ್ದರೆ ಅಲ್ಲಿಂದಲೇ ಶುರು ಮಾಡಿ. ಜನರು ಕಟ್ಟಿದ ವಂಶವೃಕ್ಷಗಳು ಅಲ್ಲಿ ಹೇರಳ, ಎಷ್ಟೋ ಸಲ ಡಿಎನ್‌ಎಗಿಂತ ಆ ವೃಕ್ಷಗಳೇ ಉತ್ತರ ಕೊಡುತ್ತವೆ. ಕೊರತೆಯೂ ಇದೆ. ಯಾವ ವರ್ಣತಂತುವಿನ ಯಾವ ಭಾಗ ಹೊಂದುತ್ತಿದೆ ಎಂದು ಅದು ತೋರಿಸುವುದಿಲ್ಲ. ಬೇರೆ ಕಡೆಯ ಡೇಟಾವನ್ನು ಒಳಗೆ ಸೇರಿಸಿಕೊಳ್ಳುವುದೂ ಇಲ್ಲ, ಅಲ್ಲಿನ ಪಟ್ಟಿಯಲ್ಲಿ ಬರಬೇಕಾದರೆ ಅವರ ಕಿಟ್ಟನ್ನೇ ಕೊಳ್ಳಬೇಕು.

ಮೈಹೆರಿಟೇಜ್ ಯುರೋಪಿನ ಮುಖ್ಯ ಭೂಭಾಗದಲ್ಲಿ ಬಲವಾಗಿದೆ, ಹಲವು ಭಾಷೆಗಳಲ್ಲಿ ಸಿಗುತ್ತದೆ. ವರ್ಣತಂತುಗಳನ್ನು ಪಕ್ಕಪಕ್ಕ ಇಟ್ಟು ತೋರಿಸುವ ಕ್ರೋಮೋಸೋಮ್ ಬ್ರೌಸರ್ ಇದೆ, ಮೂವರು ಒಂದೇ ತುಂಡನ್ನು ಹಂಚಿಕೊಂಡಿದ್ದರೆ ಗುರುತಿಸಿ ಹೇಳುತ್ತದೆ. ಓದದ ಜಾಗಗಳನ್ನು ಅಂದಾಜಿನಿಂದ ತುಂಬುವ ಲೆಕ್ಕ ಅಲ್ಲಿ ನಡೆಯುವುದರಿಂದ ಸಣ್ಣ ಮ್ಯಾಚ್‌ಗಳನ್ನು ಎಚ್ಚರಿಕೆಯಿಂದ ನೋಡಬೇಕು.

2000ದಲ್ಲಿ ಶುರುವಾದ ಫ್ಯಾಮಿಲಿಟ್ರೀ ಡಿಎನ್‌ಎ ವೈ ಮತ್ತು ಮೈಟೊಕಾಂಡ್ರಿಯ ಪರೀಕ್ಷೆಗೆ ಮೊದಲ ಆಯ್ಕೆ. ಆ ಎರಡು ಬಗೆಯಲ್ಲಿ ಸಂಬಂಧಿಕರನ್ನು ಹುಡುಕಿಕೊಡುವಷ್ಟು ದೊಡ್ಡ ಡೇಟಾಬೇಸ್ ಅವರಲ್ಲೇ ಇರುವುದು. ಮನೆತನದ ಹೆಸರು, ಪ್ರದೇಶ, ಹ್ಯಾಪ್ಲೊಗುಂಪುಗಳ (ಬಹು ಹಿಂದಿನ ಒಬ್ಬ ಪೂರ್ವಜರಿಂದ ಇಳಿದ ವೈ ಅಥವಾ ಮೈಟೊಕಾಂಡ್ರಿಯ ಕವಲುಗಳ) ಮೇಲೆ ನಡೆಯುವ ಗುಂಪುಗಳನ್ನು ಅನುಭವಿ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ, ಸೇರಿಕೊಂಡರೆ ಫಲಿತಾಂಶ ಓದಲು ಸಹಾಯ ಸಿಗುತ್ತದೆ. ಮಾದರಿಯನ್ನು ಅವರು ಕಾಪಿಟ್ಟುಕೊಳ್ಳುವುದರಿಂದ ಈಗ 37 ಮಾರ್ಕರ್ ಮಾಡಿಸಿ, ಮುಂದೆ ಅದೇ ಮಾದರಿಯ ಮೇಲೆ ಬಿಗ್ ವೈ ಮಾಡಿಸಬಹುದು. ವಯಸ್ಸಾದವರ ವಿಷಯದಲ್ಲಿ ಇದು ದೊಡ್ಡ ಅನುಕೂಲ. ಆದರೆ ಎಲ್ಲ ಕಡೆಯೂ ಹೀಗೆಯೇ ಎಂದುಕೊಳ್ಳಬೇಡಿ. ಆನ್‌ಸೆಸ್ಟ್ರಿ 2014ರಲ್ಲಿ ತನ್ನ ಹಳೆಯ ವೈ ಮತ್ತು ಮೈಟೊಕಾಂಡ್ರಿಯ ಪರೀಕ್ಷೆಗಳನ್ನು ನಿಲ್ಲಿಸಿದಾಗ ಆ ಮಾದರಿಗಳನ್ನು ನಾಶಪಡಿಸಿತು. ತೀರಿಹೋದವರ ಮಾದರಿಯೂ ಅವುಗಳಲ್ಲಿದ್ದವು, ಅವನ್ನು ಮತ್ತೆ ಪಡೆಯುವ ದಾರಿಯೇ ಇಲ್ಲ.

23ಆಂಡ್‌ಮಿ ಆಟೊಸೋಮಲ್ ಫಲಿತಾಂಶದ ಜೊತೆಗೇ ವೈ ಮತ್ತು ಮೈಟೊಕಾಂಡ್ರಿಯದ ಹ್ಯಾಪ್ಲೊಗುಂಪನ್ನು ಮೇಲ್ಮಟ್ಟದಲ್ಲಿ ಹೇಳುತ್ತದೆ. ಬೇರು ಕವಲು ಯಾವುದೆಂದು ತಿಳಿಯಲು ಅದು ಸಾಕು, ಹತ್ತಿರದ ವಂಶದ ಪ್ರಶ್ನೆಗೆ ಸಾಲದು. ಅಲ್ಲಿ ಮ್ಯಾಚ್ ಪಟ್ಟಿಗೆ ಮಿತಿಯಿದೆ, ಪಟ್ಟಿ ತುಂಬಿದ ಮೇಲೆ ದೂರದವರು ಬಿದ್ದುಹೋಗುತ್ತಾರೆ. 2023ರಲ್ಲಿ ಬೇರೆ ಕಡೆ ಸೋರಿದ ಪಾಸ್‌ವರ್ಡ್‌ಗಳನ್ನೇ ಬಳಸಿ ಸುಮಾರು 14,000 ಖಾತೆಗಳಿಗೆ ನುಗ್ಗಿದವರು, ಸಂಬಂಧಿಕರ ಪಟ್ಟಿಯ ಮೂಲಕ ಸುಮಾರು 69 ಲಕ್ಷ ಜನರ ಮಾಹಿತಿ ಹೊತ್ತೊಯ್ದರು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿ, ಬಳಿಕ ತನ್ನ ಸಹಸ್ಥಾಪಕಿಯೇ ಕಟ್ಟಿದ ಲಾಭರಹಿತ ಸಂಸ್ಥೆಯ ಕೈಗೆ ಹೋಯಿತು. ಯಾವ ಕಂಪನಿಯೇ ಆಗಲಿ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ, ಎರಡು ಹಂತದ ದೃಢೀಕರಣ ಹಾಕಿ.

ಲಿವಿಂಗ್ ಡಿಎನ್‌ಎ ಬ್ರಿಟನ್ನಿನ ಒಳಗಿನ ಪ್ರದೇಶಗಳನ್ನು ಬಿಡಿಸಿ ಹೇಳುವುದರಲ್ಲಿ ಹೆಸರು ಮಾಡಿದೆ. ಸಂಬಂಧಿಕರ ಹುಡುಕಾಟಕ್ಕೆ ಡೇಟಾಬೇಸ್ ಚಿಕ್ಕದು.

ಜೆಡ್‌ಮ್ಯಾಚ್ ಪರೀಕ್ಷೆ ಮಾಡುವ ಕಂಪನಿಯಲ್ಲ. ಬೇರೆ ಬೇರೆ ಕಡೆ ಪರೀಕ್ಷೆ ಮಾಡಿಸಿದವರು ತಮ್ಮ ಕಚ್ಚಾ ಡೇಟಾ, ಅಂದರೆ ಕಂಪನಿ ಓದಿದ ಅಕ್ಷರಗಳ ಕಡತ, ಹಾಕಿ ಪರಸ್ಪರ ಹೋಲಿಸಿಕೊಳ್ಳುವ ತಾಣ. ತಂದೆ-ತಾಯಿ ರಕ್ತಸಂಬಂಧಿಗಳೇ ಎಂದು ತೋರಿಸುವ ಸಲಕರಣೆಯೂ ಅಲ್ಲಿದೆ.

ಹಣ ಒಂದೇ ಕಿಟ್‌ಗೆ ಇದ್ದರೆ ಹೀಗೆ ಮಾಡಿ: ಹೊರಗಿನ ಡೇಟಾ ಸೇರಿಸಿಕೊಳ್ಳದ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶ ಬಂದಮೇಲೆ ಕಚ್ಚಾ ಡೇಟಾ ಇಳಿಸಿಕೊಂಡು, ಸೇರಿಸಿಕೊಳ್ಳುವ ತಾಣಗಳಿಗೆ ಹಾಕಿ. ತಿರುಗಾಮುರುಗಾ ಮಾಡಿದರೆ ದೊಡ್ಡ ಡೇಟಾಬೇಸ್ ಕೈತಪ್ಪುತ್ತದೆ. ಸೇರಿಸಿಕೊಳ್ಳುವ ನಿಯಮಗಳು ಆಗಾಗ ಬದಲಾಗುತ್ತವೆ, ಕಿಟ್ ಕೊಳ್ಳುವ ದಿನವೇ ಆಯಾ ತಾಣದಲ್ಲಿ ನೋಡಿಕೊಳ್ಳಿ. ನಿಮ್ಮ ದೇಶಕ್ಕೆ ಕಿಟ್ ಕಳಿಸುತ್ತಾರೆಯೇ, ಅಲ್ಲಿಂದ ಮಾದರಿಯನ್ನು ಹೊರದೇಶಕ್ಕೆ ಕಳಿಸಲು ಕಾನೂನು ಬಿಡುತ್ತದೆಯೇ ಎನ್ನುವುದನ್ನೂ ನೋಡಿ. ಫ್ರಾನ್ಸಿನಲ್ಲಿ ಇಂಥ ಪರೀಕ್ಷೆ ಮಾಡಿಸುವುದೇ ದಂಡಾರ್ಹ.

ನಿಮ್ಮ ಜನಸಮುದಾಯದವರು ಯಾವ ಕಂಪನಿಯಲ್ಲೂ ಹೆಚ್ಚಾಗಿ ಪರೀಕ್ಷೆ ಮಾಡಿಸಿಲ್ಲ ಎಂದಾದರೆ ಕಾರ್ಯತಂತ್ರವೇ ಬದಲಾಗಬೇಕು. ಆಗ ಪಟ್ಟಿಯಲ್ಲಿ ಬರುವವರೆಲ್ಲ ಬಹುದೂರದವರು, ಅವರನ್ನು ಹಿಂಬಾಲಿಸಿ ಎಲ್ಲಿಗೂ ತಲುಪುವುದಿಲ್ಲ. ದಾಖಲೆಗಳಿಂದ ಅನುಮಾನವಿರುವ ಕವಲಿನ ಒಬ್ಬರನ್ನು ನೀವೇ ಒಪ್ಪಿಸಿ, ನಿಮ್ಮ ಕಿಟ್ಟಿನ ಕಂಪನಿಯಲ್ಲೇ ಪರೀಕ್ಷೆ ಮಾಡಿಸಿ. ಎರಡು ಕಿಟ್‌ಗಳಿಂದ ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರ ಸಿಗುತ್ತದೆ. ಡೇಟಾಬೇಸ್ ಬೆಳೆಯಲಿ ಎಂದು ವರ್ಷಗಟ್ಟಲೆ ಕಾಯುವುದಕ್ಕಿಂತ ಇದು ಮೇಲು.

ಎಂಜಲೋ, ಹತ್ತಿಕಡ್ಡಿಯೋ?

ಆನ್‌ಸೆಸ್ಟ್ರಿ ಮತ್ತು 23ಆಂಡ್‌ಮಿ ಕೊಳವೆಗೆ ಎಂಜಲು ಉಗುಳಲು ಹೇಳುತ್ತವೆ. ಮೈಹೆರಿಟೇಜ್, ಫ್ಯಾಮಿಲಿಟ್ರೀ ಡಿಎನ್‌ಎ, ಲಿವಿಂಗ್ ಡಿಎನ್‌ಎ ಕೆನ್ನೆಯೊಳಗೆ ಉಜ್ಜುವ ಕಡ್ಡಿ ಕೊಡುತ್ತವೆ. ಬಾಯಿ ಒಣಗುವ ವಯಸ್ಸಾದವರಿಗೆ, ಪಾರ್ಶ್ವವಾಯು ಆದವರಿಗೆ ಕಡ್ಡಿಯೇ ಸುಲಭ. ಎಂಜಲು ಕಿಟ್ಟೇ ಬೇಕಾದರೆ ಅವಸರ ಮಾಡದೆ, ಕೆನ್ನೆಯನ್ನು ಹೊರಗಿನಿಂದ ಮೆಲ್ಲಗೆ ತಿಕ್ಕುತ್ತಾ, ಸ್ವಲ್ಪ ಸ್ವಲ್ಪವಾಗಿ ಉಗುಳಿಸಿ.

ಮಾದರಿ ಕೊಡುವ ಮೊದಲು 30 ನಿಮಿಷ ತಿನ್ನಬಾರದು, ಕುಡಿಯಬಾರದು, ಸೇದಬಾರದು, ಏನನ್ನೂ ಜಗಿಯಬಾರದು. ಕೊಳವೆಯ ಗೆರೆಯವರೆಗೆ ಎಂಜಲು ತುಂಬಬೇಕು. ನೊರೆ ಲೆಕ್ಕಕ್ಕಿಲ್ಲ, ನೊರೆ ಕೆಳಗಿನ ದ್ರವ ಗೆರೆ ಮುಟ್ಟಬೇಕು. ವಿಫಲವಾದ ಎಂಜಲು ಕಿಟ್‌ಗಳಲ್ಲಿ ಸಾಮಾನ್ಯ ತಪ್ಪು ಇದೇ. ಗೆರೆಯಿಂದ ಬಹಳ ಮೇಲೆ ಹೋದರೂ ತೊಂದರೆ, ಡಿಎನ್‌ಎ ಕೆಡದಂತೆ ಕಾಯುವ ದ್ರವದ ಪ್ರಮಾಣ ಸಾಲದೆ ಹೋಗುತ್ತದೆ. ಮುಚ್ಚಳ ಬಿಗಿಯಾಗಿ ತಿರುಗಿಸಿದಾಗ ಆ ದ್ರವ ಕೆಳಗಿಳಿಯುತ್ತದೆ. ಇಳಿದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಕನಿಷ್ಠ 5 ಸೆಕೆಂಡು ಕುಲುಕಿ. ಕಡ್ಡಿಯಾದರೆ ಕೆನ್ನೆಯ ಒಳಗೋಡೆಗೆ ಒತ್ತಿ, ಉರುಳಿಸುತ್ತಾ, 30ರಿಂದ 60 ಸೆಕೆಂಡು ಉಜ್ಜಬೇಕು. ಎರಡನೇ ಕಡ್ಡಿ ಇನ್ನೊಂದು ಕೆನ್ನೆಗೆ. ಕಡ್ಡಿಯ ತುದಿಯನ್ನು ಬೆರಳಿನಿಂದ ಮುಟ್ಟಬಾರದು. ಬೇಕಾದದ್ದು ಕೆನ್ನೆಯ ಚರ್ಮದ ಜೀವಕೋಶಗಳು, ಕಡ್ಡಿ ಬರೀ ಎಂಜಲಿನಲ್ಲಿ ನೆನೆದರೆ ಅವು ಸಿಗುವುದಿಲ್ಲ.

ಅಂಚೆಗೆ ಹಾಕುವ ಮೊದಲು ಕೊಳವೆಯ ಮೇಲಿನ ಸಂಖ್ಯೆಯನ್ನು ತಾಣದಲ್ಲಿ ನೋಂದಾಯಿಸಿ, ಆ ಸಂಖ್ಯೆಯ ಫೋಟೊ ತೆಗೆದಿಡಿ. ಒಂದೇ ದಿನ ಮನೆಯ ನಾಲ್ಕು ಜನರ ಮಾದರಿ ತೆಗೆಯುವಾಗ ಕೊಳವೆಗಳು ಅದಲುಬದಲಾಗುವುದು ಅಪರೂಪವೇನಲ್ಲ. ಒಬ್ಬರದ್ದು ತೆಗೆದು, ಮುಚ್ಚಿ, ಲಕೋಟೆಗೆ ಹಾಕಿ ಅಂಟಿಸಿದ ಮೇಲೆಯೇ ಇನ್ನೊಬ್ಬರ ಕಿಟ್ ಬಿಚ್ಚಿ. ಆಟೊಸೋಮಲ್ ಫಲಿತಾಂಶಕ್ಕೆ ಮಾದರಿ ತಲುಪಿದ ಮೇಲೆ ಸಾಮಾನ್ಯವಾಗಿ 4ರಿಂದ 8 ವಾರ, ಬಿಗ್ ವೈಗೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ.

ಫಲಿತಾಂಶ ಓದುವಾಗ

ಎಲ್ಲರೂ ಮೊದಲು ನೋಡುವುದು ಶೇಕಡಾವಾರು ನಕ್ಷೆ. ಕೆಲಸಕ್ಕೆ ಬರುವುದು ಮ್ಯಾಚ್ ಪಟ್ಟಿ. ನಕ್ಷೆ ಎಂಬುದು ನಿಮ್ಮ ಡಿಎನ್‌ಎಯನ್ನು ಕಂಪನಿಯ ಬಳಿಯಿರುವ ಇಂದಿನ ಜನರ ಮಾದರಿ ಗುಂಪುಗಳಿಗೆ ಹೋಲಿಸಿದ ಅಂದಾಜು. ಗುಂಪು ಬದಲಾದರೆ ಶೇಕಡಾ ಬದಲಾಗುತ್ತದೆ, ಅದಕ್ಕೇ ಒಬ್ಬರಿಗೇ ಎರಡು ಕಂಪನಿಗಳು ಎರಡು ಉತ್ತರ ಕೊಡುತ್ತವೆ. ಖಂಡದ ಮಟ್ಟದಲ್ಲಿ ನಂಬಬಹುದು. ಅಕ್ಕಪಕ್ಕದ ದೇಶಗಳ ನಡುವಿನ ಹಂಚಿಕೆಯನ್ನೂ, ಒಂದೆರಡು ಶೇಕಡಾದ ಅಚ್ಚರಿಗಳನ್ನೂ ವಂಶದ ಸಾಕ್ಷಿಯಾಗಿ ಎಣಿಸಬೇಡಿ.

ಮ್ಯಾಚ್ ಪಟ್ಟಿಯ ಅಳತೆಗೋಲು ಸೆಂಟಿಮಾರ್ಗನ್. ಇಬ್ಬರು ಹಂಚಿಕೊಂಡ ಡಿಎನ್‌ಎ ಎಷ್ಟೆಂದು ಅದು ಹೇಳುತ್ತದೆ, ಸಂಖ್ಯೆ ದೊಡ್ಡದಾದಷ್ಟೂ ನಂಟು ಹತ್ತಿರ. ತಂದೆ ಅಥವಾ ತಾಯಿಯೊಂದಿಗೆ ಸುಮಾರು 3,400ರಿಂದ 3,700 ಇರುತ್ತದೆ. ಉಳಿದ ಸಂಬಂಧಗಳಿಗೆ ವಂಶಾವಳಿ ತಜ್ಞ ಬ್ಲೇನ್ ಬೆಟಿಂಜರ್ ಜನರಿಂದ ಸಂಗ್ರಹಿಸಿದ ಸಾವಿರಾರು ಜೋಡಿಗಳ ಪಟ್ಟಿಯೇ ಎಲ್ಲರ ಆಧಾರ. ಅದರ 2020ರ ಆವೃತ್ತಿಯ ಪ್ರಕಾರ ಒಡಹುಟ್ಟಿದವರ ಸರಾಸರಿ 2,613. ಫಸ್ಟ್ ಕಸಿನ್‌ಗಳದ್ದು 866, ಆದರೆ 396ರಿಂದ 1,397ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಸೆಕೆಂಡ್ ಕಸಿನ್‌ಗಳ ಸರಾಸರಿ 229, ವ್ಯಾಪ್ತಿ 41ರಿಂದ 592. ಥರ್ಡ್ ಕಸಿನ್‌ಗಳದ್ದು 73, ವ್ಯಾಪ್ತಿ ಸೊನ್ನೆಯಿಂದ 234. ಸರಾಸರಿಗಿಂತ ಈ ವ್ಯಾಪ್ತಿಯನ್ನೇ ಮನಸ್ಸಿನಲ್ಲಿಡಿ. ಕಂಪನಿ ಹೆಸರಿನ ಪಕ್ಕದಲ್ಲಿ ಸೆಕೆಂಡ್ ಕಸಿನ್ ಎಂದು ಬರೆದರೆ ಅದು ಹಲವು ಸಾಧ್ಯತೆಗಳಲ್ಲಿ ಒಂದು ಮಾತ್ರ. ಡಿಎನ್‌ಎ ಪೇಂಟರ್ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಯಾವ ಸಂಬಂಧಕ್ಕೆ ಎಷ್ಟು ಸಂಭವ ಎಂದು ತೋರಿಸುತ್ತದೆ.

1,750ರ ಆಸುಪಾಸಿನ ಸಂಖ್ಯೆ ವಿಶೇಷವಾಗಿ ಗೊಂದಲದ್ದು. ಅಜ್ಜ-ಅಜ್ಜಿ, ಚಿಕ್ಕಪ್ಪ ಅಥವಾ ಸೋದರತ್ತೆ, ಒಬ್ಬರೇ ಪೋಷಕರನ್ನು ಹಂಚಿಕೊಂಡ ಮಲ ಒಡಹುಟ್ಟಿದವರು, ಮೂವರೂ ಅಲ್ಲಿಗೇ ಬಂದು ನಿಲ್ಲುತ್ತಾರೆ. ವಯಸ್ಸು ನೋಡಿ, ಆ ವ್ಯಕ್ತಿ ನಿಮ್ಮ ಉಳಿದ ಸಂಬಂಧಿಕರಲ್ಲಿ ಯಾರಿಗೆ ಹೊಂದುತ್ತಾರೆ ನೋಡಿ ಬೇರ್ಪಡಿಸಬೇಕು. ಇಬ್ಬರು ಪೂರ್ಣ ಒಡಹುಟ್ಟಿದವರೋ, ಮಲ ಒಡಹುಟ್ಟಿದವರೋ ಎಂಬ ಅನುಮಾನ ಬಂದರೆ, ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ ಎರಡೂ ಇಬ್ಬರಲ್ಲಿ ಹೊಂದುವ ಜಾಗಗಳನ್ನು ನೋಡಿ. ಪೂರ್ಣ ಒಡಹುಟ್ಟಿದವರಲ್ಲಿ ಅಂಥ ಜಾಗ ಸುಮಾರು ಕಾಲುಭಾಗ ಇರುತ್ತದೆ, ಮಲ ಒಡಹುಟ್ಟಿದವರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ತುದಿಯ ಸಣ್ಣ ಮ್ಯಾಚ್‌ಗಳು ಸಮಯ ತಿನ್ನುತ್ತವೆ. 7 ಸೆಂಟಿಮಾರ್ಗನ್‌ಗಿಂತ ಚಿಕ್ಕ ತುಂಡು ಕಂಡರೆ ಬಿಟ್ಟುಬಿಡಿ. ತಂದೆಯಿಂದ ಬಂದ ಅಕ್ಷರಗಳೂ ತಾಯಿಯಿಂದ ಬಂದ ಅಕ್ಷರಗಳೂ ಬೆರೆತು, ಆಕಸ್ಮಿಕವಾಗಿ ಹೊಂದಿದಂತೆ ಕಾಣುವ ಸುಳ್ಳು ತುಂಡುಗಳು ಅವುಗಳಲ್ಲಿ ಬಹಳ. 15 ದಾಟಿದ ಒಂದೇ ತುಂಡಾದರೆ ಸಾಮಾನ್ಯವಾಗಿ ನಿಜ. ತಂದೆ ಅಥವಾ ತಾಯಿಯ ಕಿಟ್ ಇದ್ದರೆ ಪರೀಕ್ಷಿಸುವುದು ಇನ್ನೂ ಸುಲಭ: ನಿಮಗೆ ಹೊಂದುವ ಆ ತುಂಡು ಇಬ್ಬರಲ್ಲಿ ಯಾರಿಗೂ ಹೊಂದದಿದ್ದರೆ ಅದು ಸುಳ್ಳು.

ಪಟ್ಟಿಯನ್ನು ಕವಲುಗಳಾಗಿ ವಿಂಗಡಿಸಲು ವಂಶಾವಳಿ ಸಂಶೋಧಕಿ ಡೇನಾ ಲೀಡ್ಸ್ 2018ರಲ್ಲಿ ಮುಂದಿಟ್ಟ ಬಣ್ಣದ ವಿಧಾನ ಸರಳವಾಗಿದೆ. 400 ಮತ್ತು 90 ಸೆಂಟಿಮಾರ್ಗನ್ ನಡುವಿನವರನ್ನು ಒಂದು ಹಾಳೆಯಲ್ಲಿ ಮೇಲಿಂದ ಕೆಳಗೆ ಬರೆಯಿರಿ. ಮೊದಲನೆಯವರಿಗೆ ಒಂದು ಬಣ್ಣ ಕೊಟ್ಟು, ಅವರೂ ನೀವೂ ಸಮಾನವಾಗಿ ಹೊಂದುವ ಎಲ್ಲರಿಗೂ ಅದೇ ಬಣ್ಣ ಹಚ್ಚಿ. ಬಣ್ಣವಿಲ್ಲದೆ ಉಳಿದ ಮೊದಲ ಹೆಸರಿಗೆ ಹೊಸ ಬಣ್ಣ, ಮತ್ತೆ ಅದೇ ಕೆಲಸ. ಕೊನೆಗೆ ಸುಮಾರು ನಾಲ್ಕು ಬಣ್ಣಗಳು ನಿಲ್ಲುತ್ತವೆ, ನಿಮ್ಮ ನಾಲ್ವರು ಅಜ್ಜ-ಅಜ್ಜಿಯರಿಗೆ ಒಂದೊಂದು. 400ಕ್ಕಿಂತ ಮೇಲಿನವರನ್ನು ಬಿಡುವುದು ಏಕೆಂದರೆ ಫಸ್ಟ್ ಕಸಿನ್‌ಗಳು ಇಬ್ಬರು ಅಜ್ಜ-ಅಜ್ಜಿಯರನ್ನೂ ಒಟ್ಟಿಗೇ ಹಂಚಿಕೊಂಡಿರುತ್ತಾರೆ, ಎರಡು ಬಣ್ಣಗಳನ್ನು ಕಲಸಿಬಿಡುತ್ತಾರೆ.

ಒಳಸಂಬಂಧದ ಮದುವೆಗಳಿರುವ ಮನೆತನಗಳಲ್ಲಿ ಈ ಲೆಕ್ಕಗಳೆಲ್ಲ ಅಲುಗಾಡುತ್ತವೆ, ಈ ಭಾಗವನ್ನು ನಿಧಾನವಾಗಿ ಓದಿ. ತಂದೆ-ತಾಯಿ ಫಸ್ಟ್ ಕಸಿನ್‌ಗಳಾಗಿದ್ದರೆ ಮಗುವಿಗೆ 8 ಮುತ್ತಜ್ಜ-ಮುತ್ತಜ್ಜಿಯರ ಬದಲು 6 ಜನ ಇರುತ್ತಾರೆ, ಮಗುವಿನ ಜೀನೋಮ್‌ನಲ್ಲಿ ಸರಾಸರಿ ಶೇ. 6.25ರಷ್ಟು ಭಾಗದಲ್ಲಿ ಎರಡೂ ಪ್ರತಿಗಳು ಒಂದೇ ಪೂರ್ವಜರಿಂದ ಬಂದಿರುತ್ತವೆ. ಸೋದರಮಾವ-ಸೋದರಸೊಸೆಯ ಮದುವೆಯಾದರೆ ಅದು ಶೇ. 12.5. ಇಂಥ ಮನೆತನದಲ್ಲಿ ಇಬ್ಬರು ಎರಡು ಮೂರು ದಾರಿಗಳಿಂದ ಸಂಬಂಧಿಗಳಾಗಿರುತ್ತಾರೆ, ಎಲ್ಲ ದಾರಿಗಳ ಸೆಂಟಿಮಾರ್ಗನ್ ಕೂಡಿಕೊಂಡು ದೂರದವರು ಹತ್ತಿರದವರಂತೆ ತೋರುತ್ತಾರೆ. ಸಣ್ಣ ಸಮುದಾಯದೊಳಗೇ ಶತಮಾನಗಟ್ಟಲೆ ಮದುವೆಯಾದ ಅಶ್ಕೆನಾಜಿ ಯಹೂದಿಗಳ ಪಟ್ಟಿಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ತೊಡಕು. ಬಣ್ಣದ ವಿಧಾನದಲ್ಲಿ ಎಲ್ಲರೂ ಒಂದೇ ಬಣ್ಣಕ್ಕೆ ಬಿದ್ದರೆ ಇದೇ ಕಾರಣ ಎಂದು ಊಹಿಸಿ. ಆಗ ಒಟ್ಟು ಮೊತ್ತವನ್ನು ನೆಚ್ಚದೆ ಅತಿ ಉದ್ದದ ಒಂದೇ ತುಂಡು ಎಷ್ಟಿದೆ ನೋಡಬೇಕು. 100 ಸೆಂಟಿಮಾರ್ಗನ್ ಮೂರು ಉದ್ದ ತುಂಡುಗಳಲ್ಲಿ ಬಂದಿದ್ದರೆ ನಂಟು ಹತ್ತಿರದ್ದು, ಅದೇ 100 ಹತ್ತು ಚಿಕ್ಕ ತುಂಡುಗಳಲ್ಲಿ ಹರಡಿದ್ದರೆ ಹಳೆಯ ನಂಟುಗಳ ಮೊತ್ತ. ಕ್ರೋಮೋಸೋಮ್ ಬ್ರೌಸರ್ ಇರುವ ಕಂಪನಿ ಇಂಥವರಿಗೆ ಬರೀ ಅನುಕೂಲವಲ್ಲ, ಅಗತ್ಯ. ವೈ ಮತ್ತು ಮೈಟೊಕಾಂಡ್ರಿಯಕ್ಕೆ ಈ ತೊಡಕಿಲ್ಲದ ಕಾರಣ ಅವುಗಳ ಬೆಲೆಯೂ ಇಲ್ಲಿ ಹೆಚ್ಚುತ್ತದೆ.

ಒಪ್ಪಿಗೆ, ಗುಟ್ಟು, ಉಸ್ತುವಾರಿ

ಮಾದರಿ ಕೇಳುವ ಮೊದಲೇ ಹಿರಿಯರಿಗೆ ಬಿಡಿಸಿ ಹೇಳಬೇಕಾದದ್ದು ಒಂದಿದೆ. ಹೆಸರಿಗೆ ಇರುವ ತಂದೆ ಬೇರೆ, ಜನ್ಮಕೊಟ್ಟವರು ಬೇರೆ, ದತ್ತು ಬಂದದ್ದು ಯಾರಿಗೂ ಹೇಳಿಲ್ಲ, ಗೊತ್ತಿಲ್ಲದ ಒಬ್ಬ ಅಣ್ಣನಿದ್ದಾನೆ, ಇಂಥ ಸಂಗತಿಗಳು ಪಟ್ಟಿಯಲ್ಲಿ ಸಂಖ್ಯೆಯಾಗಿ ಬಂದು ನಿಲ್ಲುತ್ತವೆ. ನೋಡಿದ ಮೇಲೆ ನೋಡದಂತೆ ಇರಲಾಗುವುದಿಲ್ಲ. ಹಾಗೇನಾದರೂ ಬಂದರೆ ತಿಳಿಯಲು ಬಯಸುತ್ತೀರಾ, ಬೇಡವಾ ಎಂದು ಕೇಳಿ, ಅವರ ಉತ್ತರವನ್ನು ಬರೆದಿಟ್ಟು ಅದರಂತೆ ನಡೆದುಕೊಳ್ಳಿ. ಬೇಡ ಎಂದವರ ಖಾತೆಯಲ್ಲಿ ಮ್ಯಾಚ್ ಪಟ್ಟಿಗೆ ಕಾಣಿಸಿಕೊಳ್ಳುವ ಆಯ್ಕೆಯನ್ನು ಮುಚ್ಚಿಡಬಹುದು. ಒಪ್ಪಿಗೆಯಿಲ್ಲದೆ ಯಾರ ಮಾದರಿಯನ್ನೂ ಕಳಿಸಬೇಡಿ.

ಪೊಲೀಸರ ವಿಷಯವನ್ನೂ ಅವರಿಗೆ ತಿಳಿಸಿ. 2018ರಲ್ಲಿ ಕ್ಯಾಲಿಫೋರ್ನಿಯಾದ ಹಳೆಯ ಸರಣಿ ಕೊಲೆಗಳ ಆರೋಪಿಯನ್ನು ಪತ್ತೆಹಚ್ಚಲು ಜೆಡ್‌ಮ್ಯಾಚ್ ಬಳಕೆಯಾಯಿತು. 2019ರಲ್ಲಿ ಅಲ್ಲಿ ಅಪರಾಧ ತನಿಖೆಯ ಪೊಲೀಸ್ ಹೋಲಿಕೆಗೆ ತಾವಾಗಿ ಒಪ್ಪಿದವರ ಕಿಟ್‌ಗಳನ್ನಷ್ಟೇ ತೆರೆಯುವ ನಿಯಮ ಬಂತು. ಫ್ಯಾಮಿಲಿಟ್ರೀ ಡಿಎನ್‌ಎಯಲ್ಲೂ ಇದಕ್ಕೆ ಬೇರೆಯೇ ಆಯ್ಕೆ ಇದೆ. ಖಾತೆ ತೆರೆದ ದಿನವೇ ಆ ಆಯ್ಕೆ ಯಾವ ಕಡೆ ಇದೆ ಎಂದು ನೋಡಿ, ಮಾದರಿ ಕೊಟ್ಟವರ ಇಚ್ಛೆಯಂತೆ ಇಡಿ. ಸಂಶೋಧನೆಗೆ ಡೇಟಾ ಕೊಡುವ ಒಪ್ಪಿಗೆಯೂ ಬೇರೆ ಪುಟದಲ್ಲಿರುತ್ತದೆ, ಅದನ್ನು ಒಪ್ಪದಿದ್ದರೂ ಸಂಬಂಧಿಕರ ಹುಡುಕಾಟಕ್ಕೆ ಅಡ್ಡಿಯಿಲ್ಲ.

ಕಚ್ಚಾ ಡೇಟಾವನ್ನು ಫಲಿತಾಂಶ ಬಂದ ವಾರವೇ ಇಳಿಸಿಕೊಂಡು, ಮಾದರಿ ಕೊಟ್ಟವರ ಹೆಸರು, ಕಂಪನಿ, ದಿನಾಂಕ ಸೇರಿಸಿ, ಎರಡು ಬೇರೆ ಕಡೆ ಉಳಿಸಿ. ಅಜ್ಜಿಯ ಖಾತೆಯನ್ನು ಅವರ ಕಾಲಾನಂತರ ಯಾರು ನೋಡಿಕೊಳ್ಳಬೇಕು ಎಂದು ಅವರಿಂದಲೇ ಹೇಳಿಸಿ, ಆ ವ್ಯಕ್ತಿಯ ಹೆಸರನ್ನು ಖಾತೆಯಲ್ಲಿ ನಮೂದಿಸಿ. ಖಾತೆಗೆ ಕೊಟ್ಟ ಇಮೇಲ್ ವಿಳಾಸದ ಪಾಸ್‌ವರ್ಡ್ ಕೂಡ ಆ ವ್ಯಕ್ತಿಗೆ ಸಿಗುವಂತಿರಬೇಕು. ಇಲ್ಲದಿದ್ದರೆ ಹೊಸ ಸಂಬಂಧಿ ಬರೆದ ಪತ್ರ ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ.